ಹಲಗೆಯ ಬಲ ಮೂಲೆ

ಮಾರ್ಚ್ ೧೧, ಬುಧವಾರ

ಮಹಾ ಕಲಾವಿದರಾದ ನಮ್ಮ ಯಜಮಾನರಿಗೆ,

ನಾನು ಚೆನ್ನಾಗಿಯೇ ಇದ್ದೇನೆ. ನೀವು ಮನೆ ಬಿಟ್ಟು ಆರು ವರ್ಷದ ಮೇಲೆ ಕಾಗದ ಬಂತು. ಹೇಗಿದ್ದೀಯ ಎಂಬ ಒಂದು ಮಾತು ಅದರಲ್ಲಿಲ್ಲ, ಇರಲಿ. ಮ್ಯೂಸಿಯಂನವರು ಮರದಚ್ಚಿನ ಚಿತ್ರಗಳ ಇತಿಹಾಸದ ಪ್ರದರ್ಶನ ಮಾಡುತ್ತಿದ್ದಾರೆ, ನಿಮ್ಮ ಸೇತುವೆಯ ಚಿತ್ರದ ಜೊತೆ ಅದನ್ನು ಒತ್ತಿದ ಹಲಗೆಯನ್ನೂ ಕೇಳಿದ್ದಾರೆ, ಸರಿ. ಕಳಿಸುವ ಮುಂಚೆ ಬಲ ಮೂಲೆಯಲ್ಲಿರುವ ನನ್ನ ಹೆಸರನ್ನು ನಾನೇ ಕೆತ್ತಿ ತೆಗೆಯಬೇಕಂತೆ! ಓದಿ ಮೈಯೆಲ್ಲ ಉರಿದುಹೋಯಿತು.

ಅವರು ಕೇಳಿದ್ದು ಹಲಗೆಯನ್ನು. ಹೆಸರಿನ ಸುದ್ದಿ ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಿರಿ.

ಕಾಗದದ ಮೇಲೆ ಗೆರೆ ಎಳೆದವರು ನೀವು, ಒಪ್ಪಿದೆ. ಆ ಗೆರೆಗಳನ್ನಷ್ಟೇ ಉಳಿಸಿ ಸುತ್ತಲಿನ ಮರವನ್ನೆಲ್ಲ ತೆಗೆದವಳು ಯಾರು? ಏಳು ತಿಂಗಳು, ಬೆನ್ನು ಬಗ್ಗಿಸಿ. ಸೇತುವೆಯ ಕಂಬಿಗಳು ಕೂದಲಿನಷ್ಟು ಸಣ್ಣ. ಒಂದು ಮುರಿದರೂ ಹಲಗೆಯೇ ಹಾಳು ಅಂತ ಉಸಿರು ಬಿಗಿಹಿಡಿದು ಕೆತ್ತಿದೆ. ಹಳೇ ಅಚ್ಚುಗಳಲ್ಲಿ ಚಿತ್ರ ಬರೆದವರ ಹೆಸರು ಒಂದು ಮೂಲೆಗೆ, ಕೆತ್ತಿದವರದು ಇನ್ನೊಂದು ಮೂಲೆಗೆ ಇರುತ್ತಿತ್ತು ಎಂದು ನನಗೆ ಹೇಳಿಕೊಟ್ಟವರೇ ನೀವು. ಅದನ್ನು ನಂಬಿ, ಒತ್ತಿದಾಗ ನೇರವಾಗಿ ಬರಲಿ ಎಂದು ನನ್ನ ಹೆಸರನ್ನು ಉಲ್ಟಾ ಕೆತ್ತಿದೆ. ನೀವೋ, ಪ್ರತಿ ಸಲವೂ ಶಾಯಿ ಹಚ್ಚಿದ ಮೇಲೆ ಆ ಮೂಲೆಯನ್ನು ಬಟ್ಟೆಯಿಂದ ಒರೆಸಿಬಿಟ್ಟಿರಿ. ಕೇಳಿದ್ದಕ್ಕೆ, ಚಿತ್ರದ ಅಂದ ಕೆಡುತ್ತೆ ಕಣೇ, ಹೇಗೂ ಮನೆಯವರಿಗೆಲ್ಲ ಗೊತ್ತಲ್ಲ ಅಂದಿರಿ. ಮನೆಯವರು ಅಂದರೆ ಯಾರು, ನಾನೂ ನೀವೂ ತಾನೇ?

ನಲವತ್ತು ಪ್ರತಿ ಒತ್ತಿದಿರಿ, ನಲವತ್ತರಲ್ಲೂ ಆ ಮೂಲೆ ಖಾಲಿ. ನಾನು ಬಾಯಿ ಮುಚ್ಚಿಕೊಂಡು ನಿಮ್ಮ ರೋಲರ್ ತೊಳೆಯುತ್ತಾ ನಿಂತಿದ್ದೆನಲ್ಲ, ನನ್ನ ಬುದ್ಧಿಗಿಷ್ಟು!

ಇನ್ನು ಆಗುವುದಿಲ್ಲ. ಹಲಗೆ ನಿಮ್ಮ ಕೈಗೆ ಬರುವುದಿಲ್ಲ. ಮ್ಯೂಸಿಯಂಗೆ ನಾನೇ ಹೊತ್ತು ತಂದು, ಬಂದವರೆಲ್ಲರ ಎದುರಿಗೆ ಶಾಯಿ ಹಚ್ಚಿ, ಮೂಲೆ ಒರೆಸದೆ ಒಂದು ಪ್ರತಿ ಒತ್ತುತ್ತೇನೆ. ಅಲ್ಲಿಯ ಮೇಡಂ ಹತ್ತಿರ ಮಾತಾಡಿ ಆಗಿದೆ. ಬೇಕಾದರೆ ಬಂದು ನೋಡಿ.

ಇಂತಿ,
ಕೆತ್ತಿದವಳು

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನಿಮ್ಮ ಕಾಗದ ಬಂದ ದಿನವೇ ಉಳಿ ಹಿಡಿದು ನನ್ನ ಹೆಸರಿನ ಮೊದಲಕ್ಷರವನ್ನು ಕೆತ್ತಿ ತೆಗೆದುಬಿಟ್ಟೆ. ನೀವು ಹೇಳಿದಿರಿ, ಕೈ ಮಾಡಿತು, ಅಷ್ಟೇ. ಎರಡನೆಯ ಅಕ್ಷರಕ್ಕೆ ಬಂದಾಗ ಎಚ್ಚರವಾಯಿತು. ಆ ಜಾಗಕ್ಕೆ ಹೊಸ ಮರದ ತುಂಡು ಕೂರಿಸಿ ಮತ್ತೆ ಕೆತ್ತಿದ್ದೇನೆ. ಆ ತುಂಡಿನ ಬಣ್ಣ ಬೇರೆ, ಹಲಗೆಯಲ್ಲಿ ಎದ್ದು ಕಾಣುತ್ತದೆ. ಇದೇನು ಎಂದು ಯಾರಾದರೂ ಕೇಳಿದರೆ ಉತ್ತರ ನೀವೇ ಕೊಡಬೇಕು.