ಕಾಫಿಯ ತಕ್ಕಡಿ ಕೊಂಡ ದಿನ

ಅಲ್ಮಾಟಿ
ಆಗಸ್ಟ್ ೯, ಬೆಳಿಗ್ಗೆ

ಪ್ರೀತಿಯ ರೌಶಾನ್,

ನಿನ್ನ ಮಂಡಿನೋವು ಹೇಗಿದೆ? ಹಿಮನದಿಯ ಮೇಲೆ ಅಳತೆಗಂಬ ನೆಡುವ ಕೆಲಸವನ್ನು ಕಿರಿಯರಿಗೆ ಬಿಟ್ಟಿದ್ದೀಯೋ, ಇಲ್ಲ ಎಂದಿನಂತೆ ಎಲ್ಲರಿಗಿಂತ ಮುಂದೆ ನೀನೇ ಹೋಗಿ ನಿಲ್ಲುತ್ತೀಯೋ? ಕಳೆದ ವಾರ ಗೆನ್ನಾದಿ ಮಾವ ಜೀಪಿನಲ್ಲಿ ತಂದುಕೊಟ್ಟ ನಿನ್ನ ಚೀಟಿಯಲ್ಲಿ ತುಟಿ ಒಡೆದಿದೆ ಎಂದು ಬರೆದಿದ್ದೆ. ಡಬ್ಬಿಯಲ್ಲಿ ಕುರಿಕೊಬ್ಬು ಕಳಿಸಿದ್ದೇನೆ, ಮಲಗುವ ಮುಂಚೆ ಹಚ್ಚಿಕೋ. ಹಿಮ ಅಳೆಯುವ ನಿಮ್ಮ ಠಾಣೆಯ ಒಲೆ ಸರಿಯಾಗಿ ಉರಿಯುತ್ತಿದೆ ತಾನೆ? ಇಲ್ಲಿ ಸೆಖೆಗೆ ಬಸ್ಸಿನ ಕಿಟಕಿ ಮುಟ್ಟುವ ಹಾಗಿಲ್ಲ. ನೀನು ಅಲ್ಲಿ ಎರಡು ಕಂಬಳಿ ಹೊದ್ದು ಮಲಗುವುದನ್ನು ನೆನೆದು ನಗು ಬರುತ್ತದೆ.

ನಾನು ಕ್ಷೇಮ. ನಮ್ಮ ಅಪಾ, ನಿನ್ನ ಅಮ್ಮ, ಅವರೂ ಈಗ ಕ್ಷೇಮ. ಈ 'ಈಗ' ಎನ್ನುವುದನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದೆ. ಗಾಬರಿಯಾಗಬೇಡ. ಅಪಾ ಈ ಹೊತ್ತು ಬಾಲ್ಕನಿಯಲ್ಲಿ ಏಪ್ರಿಕಾಟ್ ಸೀಳಿ ಒಣಹಾಕುತ್ತ, ಕೆಳಗಿನ ಮನೆಯವಳ ಮೇಲೆ ರೇಗುತ್ತ ಕೂತಿದ್ದಾರೆ. ಆದರೆ ಜುಲೈ ಕೊನೆಯಲ್ಲಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ನಿನಗೆ ತಿಳಿಸಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಅದನ್ನು ಮುರಿಯುತ್ತಿದ್ದೇನೆ, ಏಕೆಂದರೆ ಅವರನ್ನು ಅಲ್ಲಿಗೆ ಕಳಿಸಿದವನು ನಾನೇ.

ಮೊದಲಿನಿಂದ ಹೇಳಬೇಕು. ಹೋದ ವರ್ಷ ಜನವರಿಯಲ್ಲಿ ನನಗೆ ಬಂದ ಜ್ವರ ನೆನಪಿದೆಯಲ್ಲ. ಜ್ವರ ಬಿಟ್ಟಿತು, ವಾಸನೆ ಮಾತ್ರ ಮರಳಲಿಲ್ಲ. ಅದರ ಹಿಂದೆಯೇ ನಾಲಿಗೆಯೂ ಹೋಯಿತು. ಬಿಸಿ, ತಣ್ಣಗೆ, ಮೆಣಸಿನ ಉರಿ, ಇಷ್ಟೇ ನನಗೆ ತಿಳಿಯುವುದು. ಇವತ್ತಿಗೆ ಹತ್ತೊಂಬತ್ತು ತಿಂಗಳು. ನೀನು ಇದನ್ನು ಓದಿ, ಹಾಗಾದರೆ ಭಾನುವಾರ ಭಾನುವಾರ ನಮ್ಮ ಅಡುಗೆಮನೆಯಲ್ಲಿ ನಿಂತು 'ಈ ಕಾಫಿಯಲ್ಲಿ ಚೆರ್ರಿ ಇದೆ, ನುಂಗಿದ ಮೇಲೆ ಕೋಕೋ ಉಳಿಯುತ್ತೆ' ಎಂದು ಗೆಳೆಯರಿಗೆ ಉಪನ್ಯಾಸ ಕೊಡುತ್ತಿದ್ದವನು ಯಾರು ಎಂದು ಕೇಳುತ್ತೀಯ. ಅವನು ಒಬ್ಬ ಸುಳ್ಳ. ಪೊಟ್ಟಣದ ಮೇಲೆ ಅಚ್ಚಾದದ್ದನ್ನು ಓದಿಕೊಂಡು ಹೇಳುತ್ತಿದ್ದೆ. ನೀನು ಮೊದಲ ಗುಟುಕು ಕುಡಿದಾಗ ನಿನ್ನ ಹುಬ್ಬು ನೋಡುತ್ತಿದ್ದೆ. ಹುಬ್ಬು ಏರಿದರೆ 'ಆಹಾ' ಎನ್ನುತ್ತಿದ್ದೆ, ಗಂಟಿಕ್ಕಿದರೆ 'ಇವತ್ತು ಸ್ವಲ್ಪ ಕೈಕೊಟ್ಟಿತು' ಎನ್ನುತ್ತಿದ್ದೆ. ಏನೂ ಗೊತ್ತಾಗುತ್ತಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆಫೀಸಿನಲ್ಲಿ ನಾನು ನಕ್ಷೆಗೆ ಗೆರೆ ಎಳೆಯುವ ಹತ್ತು ಜನರಲ್ಲಿ ಒಬ್ಬ. ಕಾಫಿಯ ವಿಷಯಕ್ಕೆ ಮಾತ್ರ ಜನ ನನ್ನನ್ನು ಕೇಳುತ್ತಿದ್ದರು. ಅದನ್ನು ಬಿಟ್ಟುಕೊಡಲಾಗಲಿಲ್ಲ.

ಜೂನ್‌ನಲ್ಲಿ ನೀನು ಮೇಲೆ ಹೋದ ಮೇಲೆ ನೋಡಲು ಹುಬ್ಬೇ ಉಳಿಯಲಿಲ್ಲ. ಅದೇ ವಾರ ನೀನು ಹಿಟ್ಟು ತೂಗುತ್ತಿದ್ದ ಹಳೆಯ ಎಲೆಕ್ಟ್ರಾನಿಕ್ ತಕ್ಕಡಿಯೂ ಕೆಟ್ಟಿತು. ಕಾಫಿ ಇಳಿಯುತ್ತಿರುವಾಗಲೇ ಅದರ ಪರದೆ ಆರಿಹೋಗುತ್ತಿತ್ತು. ಹೊಸದನ್ನು ನೀನು ಬಂದ ಮೇಲೆ ಇಬ್ಬರೂ ಸೇರಿ ಆರಿಸೋಣ ಎಂದು ಚೀಟಿಯಲ್ಲೇ ಮಾತಾಡಿಕೊಂಡಿದ್ದೆವು. ನನಗೆ ತಡೆಯಲಾಗಲಿಲ್ಲ. ಹದಿನೆಂಟು ಗ್ರಾಂ ಪುಡಿ, ಅರ್ಧ ನಿಮಿಷದೊಳಗೆ ಯಂತ್ರದಿಂದ ಮೂವತ್ತಾರು ಗ್ರಾಂ ಎಸ್ಪ್ರೆಸೊ ಕಾಫಿ. ಈ ಅಂಕಿಗಳು ಕೂದಲೆಳೆಯಷ್ಟೂ ತಪ್ಪದಿದ್ದರೆ ರುಚಿ ತಾನಾಗಿಯೇ ಸರಿ ಇರುತ್ತದೆ, ನಾಲಿಗೆಯ ಕೆಲಸವನ್ನು ತಕ್ಕಡಿಯೇ ಮಾಡುತ್ತದೆ ಎಂದು ಲೆಕ್ಕ ಹಾಕಿದೆ. ತಕ್ಕಡಿಗಳ ಬಗ್ಗೆ ಮೂರು ವಾರ ಕೂತು ಓದಿದೆ. ಅಪಾಗೆ ಕಣ್ಣಿನ ಡಾಕ್ಟರ ಬಳಿ ಹೋಗುವುದಿತ್ತು, ಬರುವಾಗ ಅವರನ್ನೂ ಕರೆದುಕೊಂಡು ಕಾಫಿ ಸಾಮಾನಿನ ಅಂಗಡಿಗೆ ಹೋದೆ.

ಅಂಗಡಿಯಲ್ಲಿ ಮೊಲ್ದಿರ್ ಎಂಬ ಹುಡುಗಿ ಇದ್ದಳು, ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ಮೂರು ತಕ್ಕಡಿ ಹರವಿಟ್ಟು ಎಷ್ಟು ಚೆನ್ನಾಗಿ ವಿವರಿಸಿದಳು! "ಅಣ್ಣಾ, ಬೆಲೆ ಆಮೇಲೆ ನೋಡಿ, ಮೊದಲು ನಿಮ್ಮ ಯಂತ್ರದ ಬಾಯಿ ಕೆಳಗೆ ಕಪ್ ಇಟ್ಟಮೇಲೆ ಎಷ್ಟು ಜಾಗ ಉಳಿಯುತ್ತೆ ಹೇಳಿ" ಎಂದಳು. ಒಂದು ದಪ್ಪವಾಗಿತ್ತು, ನಮ್ಮದರಲ್ಲಿ ಕೂರುತ್ತಿರಲಿಲ್ಲ. ಇನ್ನೊಂದು ಅಗ್ಗ, ಆದರೆ ಅಂಕಿ ನಿಧಾನವಾಗಿ ಏರುತ್ತಿತ್ತು, ಪರದೆ ಮೂವತ್ತಾರು ತೋರಿಸುವಷ್ಟರಲ್ಲಿ ಕಪ್ಪಿಗೆ ನಲವತ್ತು ಬಿದ್ದಿರುತ್ತಿತ್ತು. ಮೂರನೆಯದು ಅಂಗೈಯಷ್ಟೇ, ನೀರು ಚೆಲ್ಲಿದರೂ ಕೆಡದು, ಮೊದಲ ಹನಿ ಬಿದ್ದ ಕ್ಷಣ ತಾನೇ ಸಮಯ ಎಣಿಸಲು ತೊಡಗುವುದು. ಬೆಲೆ ನನ್ನ ಅರ್ಧ ಸಂಬಳ. "ದುಬಾರಿಯದ್ದೇ ಬೇಕು ಅಂತೇನಿಲ್ಲ. ವ್ಯತ್ಯಾಸ ನೀವೇ ಕುಡಿದು ನೋಡಿ" ಎಂದು ಒಂದೇ ಬೀಜದಿಂದ ಎರಡು ಕಪ್ ಮಾಡಿದಳು. ಒಂದು ತೂಕಕ್ಕೆ ಸರಿಯಾಗಿ ನಿಲ್ಲಿಸಿದ್ದು, ಇನ್ನೊಂದು ಬೇಕೆಂದೇ ಹರಿಯಬಿಟ್ಟದ್ದು. ಯಾವುದು ಯಾವುದೆಂದು ಹೇಳಲಿಲ್ಲ.

ಸುತ್ತ ನಾಲ್ಕೈದು ಗಿರಾಕಿಗಳು, ಅಂಗಡಿಯ ಯಜಮಾನನೂ ಇದ್ದ. ನಾನು ಎರಡನ್ನೂ ಹೀರಿ, ಕಣ್ಣು ಮುಚ್ಚಿ, ಎಡಗಡೆಯ ಕಪ್ ಎತ್ತಿ ಹಿಡಿದು, "ಇದು. ಏಪ್ರಿಕಾಟಿನ ಹುಳಿ ಸ್ಪಷ್ಟವಾಗಿದೆ" ಎಂದೆ. ಅಪಾ ತಾನೂ ಒಂದೊಂದು ಗುಟುಕು ಕುಡಿದು, "ಏನಪ್ಪಾ, ಅದು ಒಲೆ ಬೂದಿ ಕಲಸಿದ ಹಾಗಿದೆ. ಇದು ಚೆನ್ನಾಗಿದೆ ನೋಡು" ಎಂದು ಬಲಗಡೆಯದನ್ನು ನನ್ನ ಕಡೆ ತಳ್ಳಿದರು. ಯಾರೋ ನಕ್ಕರು. ಆಗ ನಾನು ಹೇಳಿದ್ದನ್ನು ಬರೆಯಲು ಕೈ ಬರುತ್ತಿಲ್ಲ. "ಅಪಾ, ಜೀವಮಾನವೆಲ್ಲ ಉಪ್ಪು ಹಾಕಿದ ಚಹಾ ಕುಡಿದವರು ನೀವು. ಈ ವಯಸ್ಸಿಗೆ ನಾಲಿಗೆ ಸತ್ತಿರುತ್ತೆ. ಸುಮ್ಮನಿರಿ" ಎಂದೆ. ಮೊಲ್ದಿರ್ ಮೆಲ್ಲಗೆ, "ಅಣ್ಣಾ, ಅಜ್ಜಿ ಹೇಳಿದ್ದೇ ಸರಿ" ಎಂದಳು. ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ನಾನು ಯಜಮಾನನ ಕಡೆ ತಿರುಗಿ, ನಿಮ್ಮ ಹುಡುಗಿ ಕಪ್ ಅದಲುಬದಲು ಮಾಡಿಕೊಂಡಿದ್ದಾಳೆ, ಕೆಲಸ ಕಲಿಸಿ ನಿಲ್ಲಿಸಬಾರದೇ ಎಂದೆ. ದುಬಾರಿ ಗಿರಾಕಿ ಕೈತಪ್ಪುತ್ತಾನೆಂದು ಅವನು ಎಲ್ಲರೆದುರೇ ಅವಳನ್ನು ಗದರಿದ. ನಾನು ಅರ್ಧ ಸಂಬಳ ಕೊಟ್ಟು ತಕ್ಕಡಿ ತಂದೆ. ದಾರಿಯುದ್ದಕ್ಕೂ ಅಪಾ ಬಸ್ಸಿನ ಹೊರಗೆ ನೋಡುತ್ತ ಕೂತಿದ್ದರು.

ಇದಾಗಿ ಹತ್ತು ದಿನಕ್ಕೆ ನಾನು ಸೋರ್ಪಾ ಮಾಡಿದೆ. ನೀನಿಲ್ಲದಾಗ ಭಾನುವಾರ ಮಾಂಸದ ಸಾರು ನನ್ನ ಪಾಳಿ ಎಂದು ಗೊತ್ತಲ್ಲ. ಆ ಸೆಖೆಯಲ್ಲಿ ಪಾತ್ರೆಯನ್ನು ಫ್ರಿಜ್ಜಿಗಿಡಲು ಮರೆತು ಒಲೆಯ ಮೇಲೇ ಬಿಟ್ಟಿದ್ದೆ. ಮಂಗಳವಾರ ಬಿಸಿ ಮಾಡಿ, ಈರುಳ್ಳಿ ಮೆಣಸು ಹಾಕಿ ಅಪಾಗೆ ಬಡಿಸಿದೆ. ನಾನು ಆಫೀಸಿನಲ್ಲೇ ಊಟ ಮುಗಿಸಿ ಬಂದಿದ್ದೆ. ಮುಚ್ಚಳ ತೆಗೆದಾಗ ನನ್ನ ಮೂಗಿಗೆ ಏನೂ ಬಡಿಯಲಿಲ್ಲ. ಅಪಾ ಒಂದು ಚಮಚ ಬಾಯಿಗಿಟ್ಟು ಸ್ವಲ್ಪ ಹೊತ್ತು ತಡೆದರು. ನನ್ನ ಮುಖ ನೋಡಿದರು. ಆಮೇಲೆ ಬಟ್ಟಲು ಪೂರ್ತಿ ಕುಡಿದರು. ಮರುದಿನ ಬೆಳಗಿನ ಹೊತ್ತಿಗೆ ಅವರಿಗೆ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕುತ್ತ ಡಾಕ್ಟರಮ್ಮ, "ಅಜ್ಜಿ, ಕೆಟ್ಟ ವಾಸನೆ ಗೊತ್ತಾಗಲಿಲ್ವಾ?" ಎಂದು ಕೇಳಿದರು. ಅಪಾ, "ಅಳಿಯ ಮಾಡಿದ್ದು, ಚೆನ್ನಾಗೇ ಇತ್ತು" ಎಂದರು. ಡಾಕ್ಟರಮ್ಮ ಅತ್ತ ಹೋದಮೇಲೆ ನಾನು ಕೇಳಿದೆ, ನಿಜವಾಗಿಯೂ ಗೊತ್ತಾಗಲಿಲ್ಲವೇ ಎಂದು. ಅವರು ಮೇಲಿನ ಬಾಟಲಿ ನೋಡುತ್ತ, "ಹುಳಿ ಬಂದಂಗೆ ಅನ್ನಿಸ್ತು ಮಗಾ. ಆದ್ರೆ ಅವತ್ತು ಅಂಗಡೀಲಿ ನೀನು ಹೇಳಿದ್ಯಲ್ಲ. ನನ್ನ ನಾಲಿಗೆಯೇ ಕೆಟ್ಟಿರಬೇಕು ಅಂದ್ಕೊಂಡೆ" ಎಂದರು.

ರೌಶಾನ್, ಅರುವತ್ತೊಂಬತ್ತು ವರ್ಷ ನಂಬಿಕೊಂಡು ಬಂದ ತಮ್ಮ ನಾಲಿಗೆಯನ್ನು ಬಿಟ್ಟು ಅವರು ನನ್ನ ಮಾತನ್ನು ನಂಬಿದ್ದರು. ಅಲ್ಲೇ ಮಂಚದ ಅಂಚಿನಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ತಲೆ ಎತ್ತಲಾಗಲಿಲ್ಲ. ಅವರು ಬಾಟಲಿಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು. ಆಮೇಲೆ, "ಅಯ್ಯೋ ಮಂಕೇ, ಕಿವಿ ಕೇಳದಿದ್ರೆ ಹೇಳ್ತೀಯ, ಕಣ್ಣು ಕಾಣದಿದ್ರೆ ಹೇಳ್ತೀಯ. ಮೂಗಿಗೇನು ಬಂತು ಅಷ್ಟು ದೊಡ್ಡಸ್ತಿಕೆ?" ಎಂದರು. ನನಗೆ ಅಳು, ಪಕ್ಕದ ಮಂಚದವಳಿಗೆ ನಗು. ಮತ್ತೆ ಅಪಾ ದನಿ ಬದಲಿಸಿ ಕೇಳಿದರು: "ಆ ಹುಡುಗಿಗೆ ಹೇಳಿದ್ಯಾ? ಬಿಲ್ ಬರೀವಾಗ ಎರಡು ಸಲ ತಪ್ಪಿ ಹರಿದು ಹಾಕಿದ್ಲು. ನೀನು ನೋಡ್ಲಿಲ್ಲ, ನಾನು ನೋಡಿದೆ."

ಅಪಾ ಮನೆಗೆ ಬಂದ ಮರುದಿನವೇ ಅಂಗಡಿಗೆ ಹೋದೆ. ಬಾಗಿಲಿನಿಂದ ಎರಡು ಸಲ ಹಿಂದಿರುಗಿದೆ. ಮೊಲ್ದಿರ್‌ಳನ್ನು ಕೌಂಟರಿನಿಂದ ತೆಗೆದು ಒಳಕೋಣೆಯಲ್ಲಿ ಪೊಟ್ಟಣ ಕಟ್ಟಲು ಕೂರಿಸಿದ್ದರು. ಅವಳನ್ನು ಹೊರಗೆ ಕರೆಸಿ, ಗಿರಾಕಿಗಳೆಲ್ಲ ಇರುವಾಗಲೇ ಹೇಳಿದೆ: ಅವತ್ತು ಕಪ್ ಅದಲುಬದಲಾಗಿರಲಿಲ್ಲ, ನನಗೆ ವಾಸನೆಯೂ ಇಲ್ಲ ರುಚಿಯೂ ಇಲ್ಲ, ನನ್ನ ಮಾನ ಉಳಿಸಿಕೊಳ್ಳಲು ಇವಳ ಮೇಲೆ ಹಾಕಿದೆ. ಯಜಮಾನ ಪೆಚ್ಚಾಗಿ, ಇರಲಿ ಬಿಡಿ ಸಾರ್ ಎಂದ. ಹುಡುಗಿ ಇರಲಿ ಬಿಡಿ ಎನ್ನಲಿಲ್ಲ. "ಎರಡು ವಾರ ನಾನು ಮನೇಲಿ ಬೀಜ ಬದಲಾಯಿಸಿ ಬದಲಾಯಿಸಿ ಕುಡಿದು ನೋಡಿದೆ, ನನಗೇ ತಪ್ಪಿತಾ ಅಂತ" ಎಂದಳು. ಕ್ಷಮಿಸು ಎಂದೆ, ಅವಳು ತಲೆಯಾಡಿಸಿದಳು ಅಷ್ಟೆ. ಹೊರಡುವಾಗ ಅವಳೇ ಹಿಂದಿನಿಂದ ಕರೆದು, "ಅಣ್ಣಾ, ತಕ್ಕಡಿ ಎಷ್ಟು ಅಂತ ಹೇಳುತ್ತೆ, ಹೇಗಿದೆ ಅಂತ ಹೇಳಲ್ಲ. ಬೀಜ ವಾರ ವಾರ ಬದಲಾಗುತ್ತೆ. ಮನೇಲಿ ಕುಡಿದು ನೋಡೋರು ಬೇಕು. ಆ ಅಜ್ಜಿನೇ ಸಾಕು ನಿಮಗೆ" ಎಂದಳು. ಮೊನ್ನೆಯಿಂದ ಅವಳು ಮತ್ತೆ ಕೌಂಟರಿನಲ್ಲಿದ್ದಾಳೆ. ಬಸ್ಸಿನಿಂದ ನೋಡಿದೆ, ಇಳಿಯಲಿಲ್ಲ.

ಈಗ ಬೆಳಿಗ್ಗೆ ನಾನು ತೂಗುತ್ತೇನೆ, ಅಪಾ ಕುಡಿದು ಹೇಳುತ್ತಾರೆ. 'ಹುಳಿ' ಎಂದರೆ ಪುಡಿ ಇನ್ನಷ್ಟು ನುಣ್ಣಗೆ, 'ಬೂದಿ' ಎಂದರೆ ಸ್ವಲ್ಪ ಒರಟು. ಮೊದಲ ದಿನ ಅವರು ಹೇಳಲು ಅಂಜಿದರು. ಆ ಅಂಜಿಕೆ ನೋಡುವುದೇ ನನಗಾದ ಶಿಕ್ಷೆ. ನಿನ್ನೆ ಮಾತ್ರ ಕಪ್ ಕೆಳಗಿಟ್ಟು, "ಥೂ, ಚೆಲ್ಲು ಇದನ್ನ!" ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಹೇಳಲಾರೆ.

ನನ್ನ ಮೇಲೆ ಕೋಪ ಮಾಡಿಕೋ, ಅಪಾ ಮೇಲೆ ಬೇಡ. ಠಾಣೆಯವರಿಗೆಲ್ಲ ನನ್ನ ಸಲಾಂ ಹೇಳು. ಬಿರುಕಿನ ಬಳಿ ಹಗ್ಗ ಕಟ್ಟಿಕೊಳ್ಳದೆ ಕಾಲಿಡಬೇಡ. ನಿನ್ನ ಹೆಜ್ಜೆ ಕೆಳಗಿನ ಹಿಮ ಗಟ್ಟಿಯಾಗಿರಲಿ.

ನಿನ್ನ
ಕುವಾನಿಶ್

ಮರೆತದ್ದು: ಗೆನ್ನಾದಿ ಮಾವ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಈ ಮೇ ತಿಂಗಳಲ್ಲಿ ನೀನು ವರ್ಷದ ಮೊದಲ ಸರದಿ ಮುಗಿಸಿ ಜೀಪಿನಿಂದ ಇಳಿದಾಗ, ನಿನ್ನ ವಾಸನೆಯಾದರೂ ಮರಳೀತೆಂಬ ಆಸೆಯಿಂದ, ಎಂದಿನಂತೆ ನಿನ್ನ ಹಣೆಯ ಕೂದಲಿಗೆ ಮೂಗಿಟ್ಟೆ. ಏನೂ ಸಿಗಲಿಲ್ಲ. ಹೊಗೆಯಿಲ್ಲ, ಉಣ್ಣೆಯಿಲ್ಲ, ನೀನಿಲ್ಲ. ಹೆದರಿ ತಟ್ಟನೆ ನಿನ್ನನ್ನು ಬಿಟ್ಟುಬಿಟ್ಟೆ. ಆಮೇಲೆ ಹತ್ತಿರ ಬಂದಾಗಲೆಲ್ಲ ಮುಖ ತಿರುಗಿಸಿದೆ. ನೀನು ಏನೂ ಕೇಳಲಿಲ್ಲ, ಮುಂದಿನ ವಾರವೇ ಬೇಸಗೆ ಪೂರ್ತಿ ಮೇಲೇ ಇರುತ್ತೇನೆಂದು ಸಹಿ ಹಾಕಿದೆ. ರೌಶಾನ್, ನನ್ನ ಮನಸ್ಸು ನಿನ್ನಿಂದ ಹೋಗಿರಲಿಲ್ಲ. ಹೋದದ್ದು ಮೂಗು ಮಾತ್ರ. ಬಂದುಬಿಡು.