ಕ್ಯಾಮೆರಾ ಕೆಟ್ಟಿಲ್ಲ, ಅಪ್ಪಾ

ಅಪ್ಪಾ,

ಫೋಟೊದಲ್ಲಿ ನಿಮ್ಮ ಮುಖ ನೀಲಿಯಾಗಿ ಬರುವುದು ಕ್ಯಾಮೆರಾ ಕೆಟ್ಟಿದ್ದರಿಂದ ಅಲ್ಲ. ಸರಿಯಾಗಿ ನೋಡಿ: ಹಿಂದಿನ ಗೋಡೆ ಬೆಳ್ಳಗಿದೆ, ಅಂಗಿಯೂ ಬೆಳ್ಳಗಿದೆ. ಆರು ತಿಂಗಳಿಂದ ನಿಮ್ಮ ಫೋಟೊ ಸ್ಟುಡಿಯೋದಲ್ಲಿ ಕೂತು ನೀವು ತಿದ್ದುತ್ತಿರುವುದು ನಿಮ್ಮ ನಿಜವಾದ ಬಣ್ಣವನ್ನೇ!

ಚರ್ಮದ ಡಾಕ್ಟರಿಗೆ ಫೋನ್ ಮಾಡಿದೆ. ಆರೋಗ್ಯಕ್ಕೆಂದು ನೀವು ದಿನಾ ಕುಡಿಯುವ ಬೆಳ್ಳಿ ಕಣ ಬೆರೆಸಿದ ನೀರಿನ ಕೆಲಸವೇ ಇರಬೇಕಂತೆ; ಬೆಳ್ಳಿ ಚರ್ಮದಲ್ಲಿ ಕೂತು ನೀಲಿಯಾಗುತ್ತದಂತೆ. ಬಂದ ಬಣ್ಣ ಬಹುಶಃ ಹೋಗದು. ಇವತ್ತೇ ನಿಲ್ಲಿಸಿದರೆ ಇನ್ನಷ್ಟು ಏರದು. ಬಾಟಲಿ ನನ್ನ ಚೀಲದಲ್ಲಿದೆ, ಹುಡುಕಬೇಡಿ. ಬಿಸಿಲಿಗೆ ಬಣ್ಣ ಇನ್ನೂ ಗಾಢವಾಗುತ್ತದಂತೆ, ಟೋಪಿ ಹಾಕಿಕೊಳ್ಳಿ. ನಾಲ್ಕಕ್ಕೆ ಡಾಕ್ಟರ ಬಳಿ ಹೋಗೋಣ.

ಅಮ್ಮನಿಗೂ ಹೇಳಿದೆ. "ನೀಲಿ ಆದ್ರೇನಂತೆ, ಗೊರಕೆ ಹಳೇದೇ ಅಲ್ವಾ?" ಎಂದು ನಕ್ಕಳು.

ಮುಂದಿನ ತಿಂಗಳು ನನ್ನ ಮದುವೆಯಲ್ಲಿ ಕ್ಯಾಮೆರಾ ಹಿಂದೆ ಅಡಗುವಂತಿಲ್ಲ. ನನ್ನ ಪಕ್ಕ ನಿಲ್ಲಬೇಕು. ಆ ಫೋಟೊ ಮಾತ್ರ ತಿದ್ದಬೇಡಿ.