ಮೋನಿಷಾಗೆ ಯಾವ ವಿಭಾಗ

ಪುಷ್ಪಲತಾ,

ನೀನು ನನ್ನ ಫೋನ್ ಎತ್ತುವುದಿಲ್ಲ. ಕಾಗದ ಹಾಕಿದರೂ ಒಡೆದು ನೋಡುವುದಿಲ್ಲ. ಹಾಗಾಗಿ ಇದನ್ನು ಕಳಿಸುವುದಿಲ್ಲ.

ಇವತ್ತು ನಿನ್ನ ತಮ್ಮ ಕೆಂಪರಾಜನ ಮಗಳು ಮೋನಿಷಾಳನ್ನು ಪಿಯುಸಿಗೆ ಸೇರಿಸಲು ದೊಡ್ಡಬಳ್ಳಾಪುರಕ್ಕೆ ಹೋಗಿದ್ದೆ. ನೀನು ಓದಿದ ಕಾಲೇಜೇ. ನಿನ್ನನ್ನು ಸೇರಿಸಿದ ದಿನ, ವಿಜ್ಞಾನ ಬೇಕೆಂದಿದ್ದ ನೀನು ಪ್ರಯೋಗಾಲಯದ ಕಿಟಕಿಯಲ್ಲಿ ಇಣುಕಿ ಬರುವಷ್ಟರಲ್ಲಿ ನಾನು ಕಲಾ ವಿಭಾಗ ಎಂದು ಬರೆಸಿಯಾಗಿತ್ತು. ನಮ್ಮ ಕಡೆ ಹೆಣ್ಣುಮಕ್ಕಳ ಪರವಾಗಿ ಹಿರಿಯರೇ ಹೇಳುವುದು ರೂಢಿ.

ಈಗ ಒಂದೊಂದು ವಿಭಾಗಕ್ಕೂ ಬೇರೆ ಮೇಜು ಹಾಕಿದ್ದಾರೆ. ನಾನು ನೇರವಾಗಿ ವಿಜ್ಞಾನದ ಮೇಜಿನ ಮುಂದೆ ಕುಳಿತೆ.

"ಏನಮ್ಮಾ, ನಿಂಗ್ ಯಾವ್ದು ಬೇಕು?" ಎಂದು ಮೇಷ್ಟರು ಮೋನಿಷಾಳನ್ನು ಕೇಳಿದರು.

"ಸೈನ್ಸ್ ಬರ್ಕೊಳ್ಳಿ ಸಾರ್," ಎಂದೆ.

"ಓದೋರು ನೀವಾ ಅಜ್ಜಿ?" ಎಂದು ಅವರು ನಕ್ಕರು.

"ನಂಗೆ ಹಿಸ್ಟರಿ ಬೇಕು," ಎಂದಳು ಮೋನಿಷಾ. "ರಾಜಘಟ್ಟದಲ್ಲಿ ಹಳೇ ಬೌದ್ಧ ವಿಹಾರ ಅಗೆದಿರೋ ಜಾಗ ನೋಡ್ದಾಗ್ಲಿಂದ ಅದೇ ತಲೇಲಿದೆ."

"ನಿಮ್ಮತ್ತೆಗೆ ಸಿಗ್ದೇ ಇರೋದನ್ನ ನಿಂಗ್ ಕೊಡಿಸ್ತಿದೀನಿ ಕಣೇ."

"ಅದನ್ನ ಅತ್ತೆಗೇ ಕೊಡಿಸ್ಬೇಕಿತ್ತು ಅಜ್ಜಿ."

ಅವಳು ದನಿ ಎತ್ತಿರಲಿಲ್ಲ. ಆದರೂ ಹಿಂದೆ ನಿಂತಿದ್ದವರಿಗೆಲ್ಲ ಕೇಳಿಸಿತು. ನನಗೆ ಎದುರು ಮಾತಾಡಿದವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ, ನಿನಗೆ ಗೊತ್ತು. ಸೆರಗು ಸರಿಮಾಡಿಕೊಂಡು ಎದ್ದೆ, ಹೋಗಿ ಕಲಾ ವಿಭಾಗದ ಮೇಜಿನ ಮುಂದೆ ಕುಳಿತೆ. ಮೋನಿಷಾ ಹಿಂದೆಯೇ ಬಂದಳು.

ಅಲ್ಲಿದ್ದ ಮೇಡಂ ನನ್ನ ಮುಖ ನೋಡಿ, "ಯಾವ್ ಯಾವ ವಿಷಯ ಬರೀಲಿ ಅಮ್ಮಾ?" ಎಂದರು.

"ಅವಳನ್ನೇ ಕೇಳಿ," ಎಂದೆ.

ಅಷ್ಟು ಹೇಳುವುದು ಇಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ, ಲತಾ.

ಅಮ್ಮ